ಕದ್ದ ಭಾರ

"ಬಗ್ಗಬೇಡಿ!"

ಕೈಜಾರಿ ಬಿದ್ದ ಬೀಗದ ಕೈಯನ್ನು ಎತ್ತಿಕೊಳ್ಳಲು ಅರ್ಧ ಬಗ್ಗಿದ್ದವಳು ಹಾಗೇ ನಿಂತುಬಿಟ್ಟಳು. ಚಾಚಿದ ಕೈ ಗಾಳಿಯಲ್ಲೇ ಉಳಿಯಿತು.

ಜಿಮ್ಮಿನಲ್ಲಿದ್ದವರೆಲ್ಲ ಅವಳತ್ತ ತಿರುಗಿದರು. ಟ್ರೆಡ್‌ಮಿಲ್ ಮೇಲಿದ್ದ ದಪ್ಪ ಮನುಷ್ಯನೊಬ್ಬ ಓಡುವುದನ್ನೇ ಮರೆತು ಹಿಂದಕ್ಕೆ ಜಾರಿ, ಕಂಬಿ ಹಿಡಿದು ಬಚಾವಾದ.

ಕೂಗಿದವನು ಕೌಂಟರಿನ ಹಿಂದಿನಿಂದ ಬಂದ. ಆಗಷ್ಟೇ ಅವಳು ಕೌಂಟರಿನಲ್ಲಿ ಕೊಟ್ಟಿದ್ದ ಸ್ಕ್ಯಾನ್ ರಿಪೋರ್ಟು ಅವನ ಕೈಯಲ್ಲೇ ಇತ್ತು. ಅಗಲ ಭುಜ, ನರೆತ ಗಡ್ಡ. ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು, ಬೆನ್ನನ್ನು ಗೋಡೆಯಂತೆ ನೆಟ್ಟಗಿಟ್ಟುಕೊಂಡೇ ಬೀಗದ ಕೈ ಎತ್ತಿ ಕೊಟ್ಟ.

"ಹೀಗೆ. ಮಂಡಿ, ಸೊಂಟ ಮಡಚಬೇಕು. ಬೆನ್ನನ್ನ ಬಿಲ್ಲು ಮಾಡಬಾರದು."

ಅವಳ ಎದೆ ಇನ್ನೂ ಹೊಡೆದುಕೊಳ್ಳುತ್ತಿತ್ತು.

"ನೀವು ಹೀಗೆ ಕಿರುಚಿದ್ರೆ ಬೆನ್ನಲ್ಲ, ಎದೆ ಒಡೆದುಹೋಗತ್ತೆ."

"ಎದೆ ಸ್ಕ್ಯಾನ್ ನೀವು ಕೊಟ್ಟಿಲ್ಲವಲ್ಲ. ನನ್ನ ಹತ್ರ ಇರೋದು ಬೆನ್ನಿಂದು."

ನಗಬೇಕೋ ಬೈಯಬೇಕೋ ತಿಳಿಯಲಿಲ್ಲ ಅವಳಿಗೆ. ಅವನ ಮುಖ ನೋಡಿದಳು. ತಮಾಷೆ ಮಾಡಿದವನ ಮುಖ ಬಿಳಿಚಿಕೊಂಡಿತ್ತು. ಇವನಿಗ್ಯಾಕೆ ಇಷ್ಟು ಭಯ?

ಜಿಮ್ಮಿನಲ್ಲಿ ಕಲಿಸುವವನು ಅವನೇ; ಎಲ್ಲರೂ ಅವನನ್ನು ಮೇಷ್ಟ್ರು ಅನ್ನುತ್ತಿದ್ದರು. ಅವಳೂ ಹಾಗೇ ಕರೆದಳು.

*

ಅವಳಿಗೆ ನಲವತ್ತೇಳು. ದೊಡ್ಡ ಹೋಟೆಲೊಂದರ ನೆಲಮಾಳಿಗೆಯಲ್ಲಿ ಲಾಂಡ್ರಿ ನೋಡಿಕೊಳ್ಳುವವಳು. ಅಲ್ಲಿ ಹಗಲಿಡೀ ಹಬೆ, ಸೋಪಿನ ವಾಸನೆ, ಯಂತ್ರಗಳ ಗುಡುಗುಡು. ಒದ್ದೆ ಬೆಡ್‌ಶೀಟುಗಳು ಒಂದಕ್ಕೊಂದು ಹೆಣೆದುಕೊಂಡು, ಯಾರೋ ಒಳಗಿಂದ ಹಿಡಿದಿದ್ದಾರೇನೋ ಎಂಬಂತೆ ಹೊರಬರುತ್ತವೆ. ಒಂದು ದಿನ ಹಾಗೆ ಎಳೆಯುವಾಗ ಅವಳ ಬೆನ್ನಲ್ಲಿ ಏನೋ 'ಟಕ್' ಅಂದಿತ್ತು. ಪೆನ್ಸಿಲ್ ಮೊನೆ ಮುರಿದಷ್ಟೇ ಸದ್ದು.

ಬೆನ್ನುಮೂಳೆಯಲ್ಲಿ ಕೂದಲೆಳೆಯ ಬಿರುಕು. ಆಸ್ಟಿಯೋಪೊರೋಸಿಸ್.

"ಮುಟ್ಟು ಬೇಗ ನಿಂತಿದೆ ನಿಮಗೆ. ಮೂಳೆ ಒಳಗೊಳಗೇ ಸವೆದಿದೆ," ಅಂದಿದ್ದರು ಡಾಕ್ಟರಮ್ಮ. ಬಿರುಕು ಕೂಡಿಕೊಂಡ ಮೇಲೆ ಕರೆದು ಹೇಳಿದರು: "ಮಾತ್ರೆ ನಾನು ಕೊಡ್ತೀನಿ. ಆದ್ರೆ ನೀವು ಭಾರ ಎತ್ತಬೇಕು. ಗೊತ್ತಿರೋರ ಹತ್ರ ಕಲಿತು, ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸ್ತಾ, ಸರಿಯಾದ ಭಾರ. ಮೈಮೇಲೆ ಕೆಲಸ ಬಿದ್ರೇನೇ ಮೂಳೆಗೆ ತಾನು ಬೇಕಾಗಿದ್ದೀನಿ ಅಂತ ಗೊತ್ತಾಗೋದು."

ಹೋಟೆಲಿನ ಮ್ಯಾನೇಜರ್ ಸಭ್ಯ ಮನುಷ್ಯ. "ಮುಂದಿನ ಸ್ಕ್ಯಾನ್ ಚೆನ್ನಾಗಿ ಬಂದ್ರೆ ಯಂತ್ರಗಳ ಹತ್ರಾನೇ ಇರಿ. ಇಲ್ಲಾಂದ್ರೆ ಮೇಲೆ, ನ್ಯಾಪ್‌ಕಿನ್ ಮಡಿಸೋ ಟೇಬಲ್," ಅಂದಿದ್ದ.

ಆ ಟೇಬಲ್ಲಿಗೆ ಒಂದು ಕುರ್ಚಿ. ಕುರ್ಚಿಗೊಂದು ದಿಂಬು.

ಆ ದಿಂಬು ಕಂಡರೇ ಅವಳಿಗೆ ಆಗುತ್ತಿರಲಿಲ್ಲ. ಅವಳ ಅಮ್ಮ ಕೊನೆಯ ವರ್ಷಗಳನ್ನು ಅಂಥದೇ ದಿಂಬಿನ ಮೇಲೆ ಕಳೆದಿದ್ದಳು.

*

ಆ ಜಿಮ್ಮಿನಲ್ಲಿ ಮೇಷ್ಟ್ರದೊಂದು ಪದ್ಧತಿ. ಹೊಸಬರ ರಾಡಿಗೆ ತೂಕದ ಪ್ಲೇಟು ಹಾಕುವುದು ಅವನೇ. ಅದರ ಮೇಲಿನ ಅಂಕಿ ಒಳಮುಖವಾಗಿರಬೇಕು, ಕಾಣಬಾರದು.

"ಯಾಕೆ?" ಕೇಳಿದ್ದಳು ಅವಳು.

"ಅಂಕಿ ನೋಡಿದ ತಕ್ಷಣ ಮನಸ್ಸು ಹೆದರಿಕೊಳ್ಳತ್ತೆ. ದೇಹಕ್ಕೆ ಓದೋಕೆ ಬರಲ್ಲ, ಪುಣ್ಯ."

ಮೊದಮೊದಲು ರಾಡು ಅವಳ ಕೈಯಲ್ಲಿ ಒದ್ದೆ ಬಟ್ಟೆಯ ಗಂಟಿಗಿಂತ ಹಟಮಾರಿಯಾಗಿತ್ತು. ಅವನು ಹಿಂದೆ ನಿಂತು, ಬೆನ್ನಿಗೆ ಎರಡು ಬೆರಳು ತಾಗಿಸಿ, ತಗ್ಗಿದ ದನಿಯಲ್ಲಿ ಹೇಳುತ್ತಿದ್ದ: "ಉಸಿರು ತುಂಬಿಕೊಳ್ಳಿ. ಹೊಟ್ಟೆ ಬಿಗಿ ಮಾಡಿ. ರಾಡ್ ಎಳೀಬೇಡಿ, ನೆಲಾನ ಒತ್ತಿ."

ಆ ಎರಡು ಬೆರಳು... ಸಂಜೆ ಇಸ್ತ್ರಿ ಯಂತ್ರದ ಬಿಸಿಯ ಮುಂದೆ ನಿಂತಾಗಲೂ ಅವು ಅಲ್ಲೇ ಇದ್ದಂತೆ ಅನಿಸುತ್ತಿತ್ತು.

ಬರಬರುತ್ತ ರಾಡು ಸಲೀಸಾಗಿ ಮೇಲೇಳತೊಡಗಿತು. ಅವನು ಪ್ಲೇಟಿನ ಮೇಲೆ ಪ್ಲೇಟು ಸೇರಿಸುತ್ತಿದ್ದ, ಅವಳು ಎತ್ತುತ್ತಿದ್ದಳು. ನಾನು ಗಟ್ಟಿಯಾಗ್ತಿದ್ದೀನಿ, ಅಂದುಕೊಂಡಳು. ಬೀದಿಯಲ್ಲಿ ನಡೆವಾಗ ತಲೆ ತಾನಾಗಿ ಮೇಲೆದ್ದಿತು.

ಮನೆಯಲ್ಲಿ ಅಕ್ಕ ಬಿಡುವವಳಲ್ಲ.

"ರಾಡ್ ಎತ್ತೋಕೆ ಕಣ್ಣಿಗೆ ಕಾಡಿಗೆ ಯಾಕೇ?"

"ಕಣ್ಣೂ ಗಟ್ಟಿಯಾಗ್ಲಿ ಅಂತ."

"ಆಗ್ಲಿ, ಆಗ್ಲಿ. ಆ ಮೇಷ್ಟ್ರನ್ನ ಒಂದಿನ ಊಟಕ್ಕೆ ಕರಿ. ನಿನ್ನ ಯಾವ ಭಾಗ ಗಟ್ಟಿಯಾಗಿದೆ, ಯಾವ ಭಾಗ ಮೆತ್ತಗಾಗಿದೆ, ನಾನೇ ಕೇಳ್ತೀನಿ."

ಅಂಚೆ ಕಚೇರಿಯಿಂದ ನಿವೃತ್ತರಾದ ಅಜ್ಜಿಯೊಬ್ಬರು ಅದೇ ಹೊತ್ತಿಗೆ ಜಿಮ್ಮಿಗೆ ಬರುತ್ತಿದ್ದರು. ಎಪ್ಪತ್ತು ದಾಟಿದವರು, ಅವರದೂ ಜರಡಿಯಾದ ಮೂಳೆಯೇ. ಒಂದು ಬೆಳಿಗ್ಗೆ ಅವಳ ಕಿವಿಯಲ್ಲಿ ಅಂದರು: "ನೀನು ಎತ್ತುವಾಗ ಅವನು ಉಸಿರೇ ಆಡಲ್ಲ ಕಣಮ್ಮ. ನನ್ನ ಸರದಿ ಬಂದ್ರೆ ಆಕಳಿಸ್ತಾನೆ."

*

ಡಾಕ್ಟರಮ್ಮ ಹೊಸ ಸ್ಕ್ಯಾನನ್ನೂ ಹಳೆಯದನ್ನೂ ಪಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿದರು.

"ವ್ಯಾಯಾಮ ತಪ್ಪಿಸಿದ್ರಾ?"

"ಒಂದು ದಿನಾನೂ ಇಲ್ಲ."

"ಭಾರ ಎತ್ತಿದ್ದೀನಿ ಅಂತ ನೀವು ಹೇಳ್ತಿದ್ದೀರಿ. ಮೂಳೆ ಹಾಗೆ ಹೇಳ್ತಿಲ್ಲ. ಸೊಂಟದ ಮೂಳೆಯ ಗಟ್ಟಿತನ ಇನ್ನೂ ಸ್ವಲ್ಪ ಇಳಿದಿದೆ." ಕನ್ನಡಕ ತೆಗೆದರು. "ಎಲ್ಲರ ಮೂಳೆಯೂ ಒಂದೇ ಥರ ಮಾತು ಕೇಳಲ್ಲ, ಅದು ಬೇರೆ. ಆದ್ರೂ ಕೇಳ್ತೀನಿ. ಎಷ್ಟು ಕೆ.ಜಿ. ಎತ್ತುತ್ತೀರಿ?"

ಅವಳು ಬಾಯಿ ತೆರೆದಳು. ಗೊತ್ತಿರಲಿಲ್ಲ.

"ಮೇಷ್ಟ್ರು ಅಂಕಿ ತೋರಿಸಲ್ಲ..."

ಆ ಮಾತು ಹೊರಬಿದ್ದ ಮೇಲೆ ಅವಳ ಕಿವಿಗೇ ವಿಚಿತ್ರವಾಗಿ ಕೇಳಿಸಿತು.

ಆಸ್ಪತ್ರೆಯಿಂದ ಅವಳು ನೇರ ಜಿಮ್ಮಿಗೆ ಹೋದಳು. ಮಧ್ಯಾಹ್ನ, ಒಳಗೆ ಯಾರೂ ಇಲ್ಲ. ಮೂಲೆಯಲ್ಲಿ ಅವಳ ರಾಡು ನಾಳೆಗೆಂದು ಸಿದ್ಧವಾಗಿ ಕೂತಿತ್ತು. ಎರಡೂ ಬದಿಗೆ ಕಪ್ಪು ರಬ್ಬರಿನ ದಪ್ಪ ಪ್ಲೇಟುಗಳು.

ಪ್ಲೇಟು ಜಾರದಂತೆ ರಾಡಿನ ತುದಿಗೆ ಹಾಕಿದ್ದ ಕ್ಲಿಪ್ಪನ್ನು ಅವಳು ತೆಗೆದಳು. ಕೂತಳು, ಬೆನ್ನು ನೆಟ್ಟಗೆ. ಉಸಿರು ತುಂಬಿಕೊಂಡಳು. ಹೊಟ್ಟೆ ಬಿಗಿ ಮಾಡಿದಳು. ಹೊರಗಿನ ಪ್ಲೇಟನ್ನು ಎರಡೂ ಕೈಯಲ್ಲಿ ಅಪ್ಪಿ ಎಳೆದಳು.

ಪ್ಲೇಟು ಹಾರಿಕೊಂಡು ಬಂತು.

ರಟ್ಟಿನ ಪೆಟ್ಟಿಗೆಯಷ್ಟು ಹಗುರ! ಒಟ್ಟುಮಾಡಿಕೊಂಡಿದ್ದ ಶಕ್ತಿಯೆಲ್ಲ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅವಳನ್ನು ಹಿಂದಕ್ಕೆ ದೂಡಿತು. ಮೆತ್ತನೆಯ ಹಾಸಿನ ಮೇಲೆ ಕುಸಿದು ಕೂತಳು. ಮಡಿಲಲ್ಲಿ ಪ್ಲೇಟು. ಅದರ ಒಳಮೈಯಲ್ಲಿ ಚಿಕ್ಕದೊಂದು ಅಂಕಿ.

ಮೊದಲ ದಿನ ಭಂಗಿ ಕಲಿಸಲು ಬಳಸುವ ಪ್ಲೇಟು ಅದು. ನೋಡಲು ಭಾರದವುಗಳಷ್ಟೇ ದೊಡ್ಡದು, ತೂಕ ಮಾತ್ರ ಇಲ್ಲವೇ ಇಲ್ಲ. ಎರಡನೆಯದನ್ನೂ ತೆಗೆದು ನೋಡಿದಳು. ಮೂರನೆಯದನ್ನೂ. ಎಲ್ಲವೂ ಅದೇ.

ಅವಳಿಗೆ ಅಳು ಬರಲಿಲ್ಲ.

ಬಾಗಿಲಲ್ಲಿ ಹೆಜ್ಜೆ ಸದ್ದು. ನೆಲ ಒರೆಸುವ ಬಕೆಟ್ ಹಿಡಿದ ಮೇಷ್ಟ್ರು ಅವಳನ್ನು ಕಂಡು, ಬಕೆಟ್ಟನ್ನು ಕೆಳಗಿಡದೆ ನಿಂತ.

"ಬಿದ್ರಾ? ಪೆಟ್ಟಾಯ್ತಾ?"

"ಯಾವತ್ತಿಂದ?"

"ಮೊದಲು ಎದ್ದೇಳಿ—"

"ಯಾವತ್ತಿಂದ ಈ ನಾಟಕ, ಮೇಷ್ಟ್ರೇ?"

ಅವನು ಬಕೆಟ್ ಇಟ್ಟ. "ಶುರುವಲ್ಲಿ ನಿಜವಾದದ್ದೇ ಹಾಕ್ತಿದ್ದೆ. ಒಂದಿನ ನೀವು ರಾಡ್ ಎತ್ತಿ ಮೇಲೆ ಬರುವಾಗ 'ಕಟಕ್' ಅಂತು. ನಿಮ್ಮ ಬೆನ್ನೇ ಹೋಯ್ತು ಅಂದ್ಕೊಂಡೆ."

"ಅದು ನನ್ನ ಮಂಡಿ! ನಾನು ಶಾಲೆಗೆ ಹೋಗುವಾಗಿಂದ ಅದು ಹಾಗೇ ಸದ್ದು ಮಾಡತ್ತೆ."

ಅವನು ದಿಗ್ಭ್ರಮೆಯಿಂದ ಅವಳ ಮಂಡಿಯನ್ನೇ ನೋಡಿದ.

"ಕೇಳಬಹುದಿತ್ತು," ಅಂದಳು.

"ಕೇಳೋಕೆ ಧೈರ್ಯ ಬರಲಿಲ್ಲ. ಮಾರನೇ ದಿನ ಹಗುರದ್ದು ಹಾಕಿದೆ. ಒಂದೇ ದಿನಕ್ಕೆ ಅಂತ. ನೀವು ಎತ್ತಿ ನಕ್ಕಿರಿ... ಆಮೇಲೆ ತೆಗೆಯೋಕಾಗಲಿಲ್ಲ."

ಅವಳ ನಗು! ನೆನೆದು ಮೈ ಉರಿಯಿತು. ಮನೆಯಲ್ಲಿ, ಲಾಂಡ್ರಿಯಲ್ಲಿ, ಗಟ್ಟಿಯಾದೆ ಗಟ್ಟಿಯಾದೆ ಎಂದು ಹೇಳಿಕೊಂಡು ತಿರುಗಿದ್ದಳಲ್ಲ. ಇವನು ಪ್ರತಿದಿನ ಹಿಂದೆ ನಿಂತು ನೋಡುತ್ತಿದ್ದ.

"ಎಲ್ಲರಿಗೂ ಹೀಗೇ ಮಾಡ್ತೀರಾ?"

"ಇಲ್ಲ."

"ಆ ಪೋಸ್ಟಾಫೀಸ್ ಅಜ್ಜಿಗೆ?"

"ಅವರಿಗೆ ನಿಜವಾದದ್ದೇ."

"ಅವರ ಮೂಳೆ ನನ್ನದಕ್ಕಿಂತ ಕಡೆ. ನನಗೆ ಮಾತ್ರ ಯಾಕೆ?"

ಅವನು ಕೆಳಗೆ ಬಿದ್ದಿದ್ದ ಪ್ಲೇಟನ್ನು ಕಾಲಿಂದ ಸರಿಸಿದ. ಮತ್ತೆ ಅದನ್ನೇ ಹಿಂದಕ್ಕೆ ತಂದ.

"ಅವರಿಗೆ ಏನಾದ್ರೂ ಆದ್ರೆ ನನಗೆ ಬೇಜಾರಾಗತ್ತೆ. ನಿಮಗೆ ಏನಾದ್ರೂ ಆದ್ರೆ..."



ಎಷ್ಟೋ ಸಂಜೆ ಈ ಮಾತಿಗಾಗಿ ಅವಳು ಕಾದಿದ್ದಳು. ಈಗ ಅದು ಕೆನ್ನೆಗೆ ಹೊಡೆದಂತೆ ಬಂತು. ಇದಾ? ಪ್ರೀತಿ ಅಂದ್ರೆ ಇದಾ?

"ನನ್ನ ಯಂತ್ರದ ಕೆಲಸ ಹೋಯ್ತು, ಮೇಷ್ಟ್ರೇ," ಅಂದಳು. ಎದ್ದು, ಬೆನ್ನು ನೆಟ್ಟಗಿಟ್ಟುಕೊಂಡು ನಡೆದು ಹೋದಳು.

*

ನ್ಯಾಪ್‌ಕಿನ್‌ಗಳು ಬಿಳಿ, ಗರಿಗರಿ, ತೂಕವಿಲ್ಲದವು. ಮಡಿಸಿ ಇಡುವುದು, ಮಡಿಸಿ ಇಡುವುದು. ಕೆಳಗಿನ ಯಂತ್ರಗಳ ಗುಡುಗುಡು ಕಾಲಿನಡಿ ಕೇಳಿಸುತ್ತಿತ್ತು. ಕುರ್ಚಿಯ ದಿಂಬನ್ನು ಮೊದಲ ದಿನವೇ ತೆಗೆದು ಬೀರುವಿನೊಳಗೆ ತುರುಕಿದ್ದಳು.

ಮನೆಯಲ್ಲಿ ಅಕ್ಕ ಅವಳ ಕೈಯಿಂದ ನೀರಿನ ಕೊಡ ಕಿತ್ತುಕೊಂಡಳು, ಚೀಲ ಕಿತ್ತುಕೊಂಡಳು. "ಹುಷಾರು ಕಣೇ, ಹುಷಾರು."

"ಅಕ್ಕಾ, ಅಮ್ಮನಿಗೂ ನಾವು ಹೀಗೇ ಅಂತಿದ್ವಿ."

ಅಕ್ಕ ಚೀಲವನ್ನು ಅವಳ ಪಕ್ಕ ತಂದಿಟ್ಟು ಒಳಗೆ ಹೋದಳು.

ಒಂದು ಮಧ್ಯಾಹ್ನ ಅಂಚೆ ಕಚೇರಿಯ ಅಜ್ಜಿ ಹೋಟೆಲಿಗೇ ಬಂದರು.

"ಸೇತುವೆ ಆಚೆ ಇನ್ನೊಂದು ಜಿಮ್ ಇದೆಯಂತೆ. ಹೆಣ್ಣು ಕೋಚು, ಬಹಳ ಒಳ್ಳೆಯವಳಂತೆ. ಮಾತಾಡಿಟ್ಟಿದ್ದಾನೆ ನಿನ್ನ ಮೇಷ್ಟ್ರು. ತಾನು ನಿನಗೆ ಕಲಿಸೋಕೆ ಲಾಯಕ್ಕಿಲ್ಲ ಅಂತಾನೆ. ಕೈ ನಡುಗತ್ತಂತೆ."

"ನೀವೇನಂತೀರಿ ಅಜ್ಜಿ?"

"ನೀನು ಬರದಿದ್ರೆ ನನಗೇ ಅನುಕೂಲ. ಆ ಮೂಲೆ ರಾಡಿಗೆ ಕಾಯೋ ಹಾಗಿಲ್ಲ." ಅಜ್ಜಿ ಒಂದು ನ್ಯಾಪ್‌ಕಿನ್ ಎತ್ತಿ, ತೂಗಿ ನೋಡುವವರಂತೆ ಅಂಗೈಯಲ್ಲಿ ಆಡಿಸಿದರು. "ಆದ್ರೆ ಈಗ ನನ್ನ ಸರದೀಲಿ ಅವನು ಆಕಳಿಸೋದೂ ಇಲ್ಲ. ಗೋಡೆ ನೋಡ್ತಾನೆ. ನನ್ನ ಬೆನ್ನು ಯಾರು ನೋಡಬೇಕು?"

*

ಮರುದಿನ ಅವಳು ಬಾಗಿಲು ತಳ್ಳಿಕೊಂಡು ಒಳಗೆ ಬಂದಾಗ ಮೇಷ್ಟ್ರ ಕೈಯಲ್ಲಿದ್ದ ಬಟ್ಟೆ ನೆಲಕ್ಕೆ ಬಿತ್ತು. ಅವನು ಎತ್ತಿಕೊಳ್ಳಲಿಲ್ಲ.

"ಅಲ್ಲಿಗೆ ಹೋಗಲಿಲ್ವಾ?"

"ಇಲ್ಲ."

"ಅವರು ನನಗಿಂತ—"

"ಸ್ವಲ್ಪ ಸುಮ್ಮನಿರಿ." ಅವಳು ಹತ್ತಿರ ಬಂದು ನಿಂತಳು. "ನಮ್ಮಮ್ಮನಿಗೂ ಇದೇ ಮೂಳೆ. ನಾವೆಲ್ಲ ಪ್ರೀತಿಯಿಂದಾನೇ ನೋಡ್ಕೊಂಡ್ವಿ. ಲೋಟ ಎತ್ತೋಕೂ ಬಿಡಲಿಲ್ಲ. ಕೊನೆಗೆ ಒಂದಿನ ಕುರ್ಚಿಯಿಂದ ಏಳುವಾಗಲೇ ಸೊಂಟ ಮುರೀತು. ಬೀಳಲೂ ಇಲ್ಲ ಅವಳು, ಬರೀ ಎದ್ದಳು ಅಷ್ಟೇ. ನೀವೂ ನನಗೆ ಅದನ್ನೇ ಮಾಡಿದ್ರಿ."



"ನನಗೆ... ಗೊತ್ತಿರಲಿಲ್ಲ."

"ನನಗೆ ನೀವು ಬೇಕು. ಸುತ್ತಿ ಬಳಸಿ ಹೇಳೋ ವಯಸ್ಸು ದಾಟಿದೆ ನನಗೆ. ಹೆದರ್ಕೊಂಡೇ ಪ್ರೀತಿಸಿ, ನಡುಗ್ತಾ ಪ್ರೀತಿಸಿ, ಅಡ್ಡಿಯಿಲ್ಲ. ಆದ್ರೆ ನನ್ನ ಭಾರ ಕದೀಬೇಡಿ."

ಅವನು ಗೋಡೆಯ ಬಳಿ ಹೋಗಿ ಎರಡು ಪ್ಲೇಟು ತಂದ. ಒಂದೊಂದನ್ನೂ ಅಂಕಿ ಹೊರಮುಖವಾಗಿರುವಂತೆ ರಾಡಿಗೆ ಹಾಕಿದ. ಅಂಕಿ ಕಂಡು ಅವಳು ಬೆಚ್ಚಿದಳು. ಇಷ್ಟೇನಾ? ಇಷ್ಟು ಚಿಕ್ಕ ಅಂಕಿಯಿಂದ ಶುರುಮಾಡಬೇಕಾ?

"ಇಷ್ಟರಿಂದಲೇ," ಅಂದ ಅವನು, ಅವಳ ಮುಖ ಓದಿದವನಂತೆ. "ಇದು ನಿಜವಾದದ್ದು."

ಕೂತು ಹಿಡಿದಳು. ಒತ್ತಿದಳು. ರಾಡು ಅಲುಗಲಿಲ್ಲ. ನೆಲಕ್ಕೆ ಬೇರು ಬಿಟ್ಟಂತೆ ಕೂತಿತ್ತು ಅದು. ತಿಂಗಳುಗಟ್ಟಲೆ ಎತ್ತಿದವಳೆಂಬ ಅವಳ ಹೆಮ್ಮೆಯ ಕೊನೆಯ ಚೂರೂ ಆ ಕ್ಷಣ ಉದುರಿಹೋಯಿತು.

"ಕಡಿಮೆ ಮಾಡಲಾ?"

"ಮಾಡಿ. ಮಾಡಿ ನನಗೆ ಹೇಳಿ, ಎಷ್ಟು ಅಂತ."

ಅವನು ಪ್ಲೇಟು ಬದಲಿಸಿದ. ಎಷ್ಟೆಂದು ಗಟ್ಟಿಯಾಗಿ ಹೇಳಿದ. ಹಿಂದೆ ಬಂದು ನಿಂತ. ಎರಡು ಬೆರಳು ಬೆನ್ನಿಗೆ ತಾಗಿದವು. ನಡುಗುತ್ತಿದ್ದವು.

"ಉಸಿರಾಡಿ ಮೇಷ್ಟ್ರೇ," ಅಂದಳು.

ಹಿಂದೆ ಉದ್ದನೆಯ ಉಸಿರು ಹೊರಬಿದ್ದದ್ದು ಕುತ್ತಿಗೆಗೆ ತಾಗಿತು. ಅವಳು ನೆಲವನ್ನು ಒತ್ತಿದಳು. ರಾಡು ಒಂದಿಷ್ಟು ಯೋಚಿಸಿ, ನೆಲ ಬಿಟ್ಟಿತು. ಮಂಡಿ ದಾಟಿತು. ತೊಡೆ, ಸೊಂಟ. ಭಾರ ಅಂಗೈಯಿಂದ ಭುಜಕ್ಕೆ, ಭುಜದಿಂದ ಬೆನ್ನಿಗೆ, ಬೆನ್ನಿಂದ ಹಿಮ್ಮಡಿಗೆ ಇಳಿಯುವುದು ಅವಳಿಗೆ ಗೊತ್ತಾಯಿತು. ಮೈಯೊಳಗೆ ಇಷ್ಟು ದಿನ ಯಾರೂ ಮಾತಾಡಿಸದೆ ಬಿಟ್ಟಿದ್ದ ಜಾಗಗಳೆಲ್ಲ ಒಟ್ಟಿಗೆ ಎಚ್ಚರಾದವು. ಅವಳು ನೆಟ್ಟಗೆ ನಿಂತಳು. ಮುಖ ಕೆಂಪಾಗಿತ್ತು. ಕಣ್ಣಲ್ಲಿ ನೀರು.

ಅವನು ಸುತ್ತಿ ಬಂದು ಅವಳ ಎದುರು ನಿಂತ. ಅವಳ ತೋಳು ಅದುರುತ್ತಿರುವುದನ್ನು ಕಂಡ. ಅವನ ಎರಡೂ ಕೈ ತಾವಾಗಿಯೇ ರಾಡಿನ ಕೆಳಗೆ ಬಂದವು. ಬೆರಳಿಗೆ ಬೆರಳು ತಾಗಿತು.

"ಸಾಕು," ಪಿಸುಗುಟ್ಟಿದ. "ನನ್ನ ಕೈಗೆ ಕೊಡು."

ಮೊದಲ ಬಾರಿಗೆ ಅವನು ಅವಳನ್ನು ಏಕವಚನದಲ್ಲಿ ಮಾತಾಡಿಸಿದ್ದ. ಅವಳು ಅವನ ಕಣ್ಣನ್ನೇ ನೋಡಿದಳು.

"ಕೊಡಲ್ಲ."