ದಾಕ್ಷಾಯಣಿ ಹಚ್ಚಿದ ಗ್ಯಾಸ್ ದೀಪ

“ಇದರೊಳಗ ಎಲ್‌ಇಡಿ ಬಲ್ಬ್ ಕೂಡಿಸಬಹುದೇನ್ರಿ?”

ಕೇಳಿದವನು ಹಂಪೇಶ. ದಾಕ್ಷಾಯಣಿ ಕೈಯಲ್ಲಿದ್ದ ಹಿತ್ತಾಳೆಯ ಹೆಡ್‌ಲ್ಯಾಂಪನ್ನು ಮೆತ್ತಗೆ ಬಟ್ಟೆಯ ಮೇಲಿಟ್ಟು ತಲೆಯೆತ್ತಿದಳು.

“ಕೂಡಿಸಬಹುದ್ರಿ. ನಿಮ್ಮಜ್ಜನ ಫೋಟೋಕ್ಕ ಕೂಲಿಂಗ್ ಗ್ಲಾಸ್ ಬರೆದಂಗ ಆಗತೈತಿ, ಅಷ್ಟ.”

ಅವನು ನಕ್ಕುಬಿಟ್ಟ. ಎಡಗೆನ್ನೆಯಲ್ಲಿ ಸಣ್ಣ ಗುಳಿ ಬಿತ್ತು. ಬಳ್ಳಾರಿ ಬ್ರೂಸ್‌ಪೇಟೆಯ ಈ ಇಕ್ಕಟ್ಟು ಸಂದಿಗೆ ಅವನು ಬರಲೆಂದೇ ಅವಳು ಬಲೆ ಬೀಸಿದ್ದಳು. ಆ ಗುಳಿಯನ್ನು ಮಾತ್ರ ಎಣಿಸಿರಲಿಲ್ಲ.

ಹನ್ನೆರಡು ವರ್ಷದ ಹಿಂದೆ ಇದೇ ಜೋಡಿ ದೀಪ ಇದೇ ಅಂಗಡಿಗೆ ಬಂದಿತ್ತು. ಕುರುಗೋಡಿನ ದೊಡ್ಡ ಮನೆಯ ೧೯೧೧ರ ಕಾರಿನ ದೀಪಗಳು. ಅವಳಪ್ಪ ವಿರೂಪಾಕ್ಷಪ್ಪ ರಿಪೇರಿ ಮಾಡಿ, ಆ ಮನೆಯ ಹಿರಿಯ ಚಂದ್ರಣ್ಣನ ಕೈಗೇ ಕೊಟ್ಟು ಬಂದಿದ್ದ. ತಿಂಗಳಾದ ಮೇಲೆ ಚಂದ್ರಣ್ಣ, ದೀಪ ನನಗೆ ಮುಟ್ಟಿಯೇ ಇಲ್ಲ ಎಂದ. ತನ್ನ ಮನೆಯ ಕಟ್ಟೆಯ ಮೇಲೆ ನಿಂತು, ಊರವರೆಲ್ಲ ನೋಡುತ್ತಿರುವಾಗ, ಕೆಳಗಿದ್ದ ವಿರೂಪಾಕ್ಷಪ್ಪನನ್ನು ಕಳ್ಳ ಎಂದು ಕರೆದ. ಹದಿನೇಳರ ದಾಕ್ಷಾಯಣಿ ಅಪ್ಪನ ಪಕ್ಕದಲ್ಲೇ ಇದ್ದಳು. ಅಪ್ಪ ಆಮೇಲೆ ಎರಡೇ ವರ್ಷ ಬದುಕಿದ. ಅಷ್ಟು ದಿನವೂ ಅಂಗಡಿಯ ಬಾಗಿಲು ಅರ್ಧ ಮುಚ್ಚಿಯೇ ಇರುತ್ತಿತ್ತು.

ಅವಳು ಅಪ್ಪನ ಕೆಲಸವನ್ನೇ ಹಿಡಿದಳು. ಹಳೆಯ ಕಾರಿನವರು ಹೈದರಾಬಾದಿನಿಂದಲೂ ದೀಪ ಕಳಿಸುವಷ್ಟು ಹೆಸರು ಮಾಡಿದಳು. ಈ ಬೇಸಿಗೆಯಲ್ಲಿ ಹಾಗೆ ಬಂದ ಪೆಟ್ಟಿಗೆಯೊಂದನ್ನು ಬಿಚ್ಚಿದರೆ, ಇವೇ ದೀಪಗಳು! ಹಿಂದಿನ ಮುಚ್ಚಳದೊಳಗೆ ಅಪ್ಪ ಮೊಳೆಯಿಂದ ಗೀಚಿದ ಹೆಸರು, ತಾರೀಖು. ಕಳಿಸಿದವರು ಹೈದರಾಬಾದಿನ ಒಬ್ಬ ಮುದುಕರು; ಅವರನ್ನು ವಿಚಾರಿಸಿದಳು. ದೀಪದ ಜೊತೆ ಚಂದ್ರಣ್ಣ ಬರೆದುಕೊಟ್ಟ ಕಾಗದವನ್ನೂ ಆ ಮುದುಕರು ಜೋಪಾನ ಮಾಡಿದ್ದರು. ನಡೆದದ್ದನ್ನೆಲ್ಲ ಕೇಳಿ, ದೀಪವನ್ನೂ ಕಾಗದವನ್ನೂ ಅವಳಿಗೇ ಬಿಟ್ಟುಕೊಟ್ಟರು.

ಅವಳು ಪೊಲೀಸರ ಹತ್ತಿರ ಹೋಗಲಿಲ್ಲ. ಅಪ್ಪನ ಮಾನ ಹೋದ ಜಾಗದಲ್ಲೇ ಚಂದ್ರಣ್ಣನ ಮಾನ ಹೋಗಬೇಕಿತ್ತು. ದಸರೆ ಹತ್ತಿರ ಬಂದಾಗ ಹಳೆಯ ಕಾರಿನವರ ವಾಟ್ಸಾಪ್ ಗ್ರೂಪಿಗೆ ದೀಪದ ಫೋಟೋ ಹಾಕಿ ಕಾದಳು. ಸಿರುಗುಪ್ಪದಲ್ಲಿ ರೈಸ್ ಮಿಲ್ ನೋಡಿಕೊಂಡು, ಬಿಡುವಿನಲ್ಲಿ ಅಜ್ಜನ ಕಾರು ಸರಿಮಾಡುತ್ತಿದ್ದ ಹಂಪೇಶ ಮರುದಿನವೇ ಓಡಿಬಂದ. ಅವನು ಚಂದ್ರಣ್ಣನ ತಮ್ಮನ ಮಗ. ಹಳೆಯ ಗಲಾಟೆಯ ಕಾಲಕ್ಕೆ ಹಾಸ್ಟೆಲಿನಲ್ಲಿದ್ದವನು; ಇವಳು ಯಾರ ಮಗಳೆಂದು ಅವನಿಗೆ ಗೊತ್ತಿರಲಿಲ್ಲ.

“ದೀಪ ಕೂಡಿಸಿ ಕೊಡತೀನ್ರಿ. ಆದ್ರ ಆಯುಧ ಪೂಜಿ ದಿನ, ಸಂಜಿಮುಂದ, ಊರವರ ಎದುರಿಗೆ ಹಚ್ಚಬೇಕು,” ಎಂದಳು. “ನಿಮ್ಮ ದೊಡ್ಡಪ್ಪಾರು ಕಟ್ಟಿ ಮ್ಯಾಲೆ ಇರಬೇಕು.”

“ಅಷ್ಟ ಏನ್ರಿ?”

“ಸದ್ಯಕ್ಕ ಅಷ್ಟ.”

ಮೂರು ವಾರ ಅವಳು ಕುರುಗೋಡಿಗೆ ಓಡಾಡಿದಳು. ದೀಪ ಕೂರುವ ಕಬ್ಬಿಣದ ಕವೆಗಳು ಸೊಟ್ಟಗಾಗಿದ್ದವು. ಕಾಯಿಸಿ ನೆಟ್ಟಗೆ ಮಾಡಿದಳು. ಬಾಗಿಲ ಕೆಳಗಿನ ಮೆಟ್ಟಿಲ ಮೇಲೆ ಗ್ಯಾಸ್ ಡಬ್ಬಿ ಕೂರಿಸಿದಳು. ಅದರ ಮೇಲ್ಭಾಗದಲ್ಲಿ ನೀರು, ಕೆಳಗೆ ಕಾರ್ಬೈಡ್. ನೀರು ಹನಿಹನಿಯಾಗಿ ಬಿದ್ದರೆ ಗ್ಯಾಸ್ ಎದ್ದು ರಬ್ಬರ್ ಪೈಪಿನಲ್ಲಿ ದೀಪಕ್ಕೆ ಹೋಗಬೇಕು. ಹಂಪೇಶ ತಂದ ಹೊಳೆಯುವ ಸ್ಕ್ರೂಗಳನ್ನು ಅವನ ಕೈಗೇ ವಾಪಸ್ ಹಾಕಿದಳು.

“ಆ ಕಾಲದಾಗ ಈ ಸ್ಟಾರ್ ಸ್ಕ್ರೂ ಇರಲಿಲ್ರಿ.”

“ಆ ಕಾಲದಾಗ ಇಷ್ಟು ಸಿಟ್ಟಿನ ಮೇಸ್ತ್ರಿ ಇದ್ರೇನ್ರಿ?”

ಅವಳು ತುಟಿ ಕಚ್ಚಿ ನಗು ತಡೆದಳು. ಅವನು ಅದನ್ನು ನೋಡಿಯೂ ನೋಡದವನಂತೆ ಸ್ಪ್ಯಾನರ್ ಒರೆಸಿದ.

ಒಂದು ಮಧ್ಯಾಹ್ನ ಅವನು ದೀಪ ಎತ್ತಿ ಹಿಡಿದಿದ್ದ, ಅವಳು ಬೋಲ್ಟ್ ಬಿಗಿಯುತ್ತಿದ್ದಳು. ಒಳಗಿನ ಗುಂಡು ಕನ್ನಡಿಯಲ್ಲಿ ಅವನ ಮುಖ ಕಂಡಿತು.

“ತಲಿ ಕೆಳಗ ಮಾಡಿ ನಿಂತೀರಿ ನೀವು.”

“ನಿಮ್ಮ ಅಂಗಡಿಗೆ ಬಂದ ದಿನದಿಂದ ಹಂಗ ಅದೀನ್ರಿ.”

ಬೋಲ್ಟ್ ಅವಳ ಬೆರಳಿನಿಂದ ಜಾರಿ ಮಣ್ಣಿಗೆ ಬಿತ್ತು. ಇಬ್ಬರೂ ಬಗ್ಗಿದರು. ಅವನ ಉಸಿರು ಅವಳ ಕಿವಿಯ ಬಳಿ ಒಂದು ಕ್ಷಣ ನಿಂತು ಸರಿಯಿತು.

ಅಂದು ಬಳ್ಳಾರಿಯ ಬಸ್ಸಿನಲ್ಲಿ ಕುಳಿತಾಗ, ತಾನು ಒಬ್ಬಳೇ ನಗುತ್ತಿರುವುದು ಅವಳ ಗಮನಕ್ಕೆ ಬಂತು. ತಟ್ಟನೆ ಬ್ಯಾಗಿನಿಂದ ಚಂದ್ರಣ್ಣನ ಕಾಗದ ತೆಗೆದು ಓದಿದಳು. ಊರು ಬರುವಷ್ಟರಲ್ಲಿ ಮೂರು ಸಲ ಓದಿದಳು. ಸಿಟ್ಟು ಆರಲು ಬಿಡಬಾರದಿತ್ತು.

ಆಯುಧ ಪೂಜೆಯ ಸಂಜೆ ಕಾರಿಗೆ ಚೆಂಡು ಹೂವಿನ ಮಾಲೆ ಬಿತ್ತು. ಬೀದಿ ತುಂಬ ಜನ. ಚಂದ್ರಣ್ಣ ರೇಷ್ಮೆ ಶಲ್ಯ ಹೊದ್ದು ಕಟ್ಟೆಯ ಮೇಲೆ ನಿಂತಿದ್ದ. ದಾಕ್ಷಾಯಣಿ ಡಬ್ಬಿಯ ತಿರುಪು ಸಡಿಲಿಸಿದಳು. ಒಳಗೆ ಬುಸ್ಸೆಂದಿತು. ಬೆಳ್ಳುಳ್ಳಿಯಂಥ ವಾಸನೆ ಎದ್ದಿತು. ಕಡ್ಡಿ ಗೀರಿದಳು. ಹಾಲಿನಂಥ ಬೆಳಕು ನೇರ ಚಂದ್ರಣ್ಣನ ಮುಖಕ್ಕೆ ಹೊಡೆಯಿತು. ಜನ ಚಪ್ಪಾಳೆ ತಟ್ಟಿದರು.

“ಭೇಷ್! ಥೇಟ್ ನಮ್ಮ ದೀಪ ಇದ್ದಂಗ ಅದಾವಲ್ಲ,” ಎಂದ ಚಂದ್ರಣ್ಣ, ಕಣ್ಣಿಗೆ ಕೈ ಅಡ್ಡ ಹಿಡಿದು.

“ನಿಮ್ಮವ ಅದಾವ್ರಿ. ನಾನು ಬ್ರೂಸ್‌ಪೇಟೆ ವಿರೂಪಾಕ್ಷಪ್ಪನ ಮಗಳು. ನೀವು ಕಳ್ಳ ಅಂದ್ರಲ್ಲ, ಅವರ ಮಗಳು.”

ಚಪ್ಪಾಳೆ ನಿಂತಿತು. ಚಂದ್ರಣ್ಣನ ಮುಖ ಬಿಳಿಚಿತು. “ಅಂದ್ರ ನಿಮ್ಮಪ್ಪನೇ ಇವನ್ನ ಮುಚ್ಚಿಟ್ಟಿದ್ದ. ಹೌದಲ್ಲ?”

ದಾಕ್ಷಾಯಣಿ ಕಾಗದವನ್ನು ಹಂಪೇಶನ ಕೈಗಿಟ್ಟಳು. “ನೀವ ಓದ್ರಿ. ಜೋರಾಗಿ.”

ಹಂಪೇಶ ಮೊದಲು ಮನಸ್ಸಿನಲ್ಲೇ ಓದಿದ. ಅವನ ದವಡೆ ಬಿಗಿಯಿತು.

“ಲೇ ಹಂಪ್ಯಾ, ಕೊಡಲೇ ಅದನ್ನ ಇಲ್ಲೆ!” ಎಂದು ಚಂದ್ರಣ್ಣ ಕೂಗಿದ.

ಹಂಪೇಶ ಕೊಡಲಿಲ್ಲ. ದೀಪದ ಬೆಳಕಿಗೆ ಕಾಗದ ಹಿಡಿದು ಗಟ್ಟಿಯಾಗಿ ಓದಿದ: “ನಮ್ಮ ತಂದೆಯವರ ಕಾರಿನ ಎರಡೂ ದೀಪಗಳನ್ನು ನಾನೇ ಖುದ್ದಾಗಿ ಮಾರಿರುತ್ತೇನೆ. ವಿಷಯ ಮನೆಯವರಿಗೆ ತಿಳಿಯಬಾರದು.” ತಾರೀಖು ಓದಿದ. ಕೊನೆಗೆ ದೊಡ್ಡಪ್ಪನ ಸಹಿಯನ್ನೂ ಓದಿದ.

ಗುಂಪಿನಲ್ಲಿ ಯಾರೋ ‘ಥೂ’ ಎಂದರು. ಚಂದ್ರಣ್ಣ ಶಲ್ಯ ಎಳೆದುಕೊಂಡು ಒಳಗೆ ಹೋದ. ದಾಕ್ಷಾಯಣಿಯ ಎದೆ ಖುಷಿಯಿಂದ ಉಕ್ಕಿತು. ಹನ್ನೆರಡು ವರ್ಷ ಬಯಸಿದ್ದು ಸಿಕ್ಕಿತ್ತು, ಅದು ಸಿಹಿಯಾಗಿಯೇ ಇತ್ತು.

ಜನ ಚದುರಿದ ಮೇಲೆ ಹಂಪೇಶ ಕೇಳಿದ. “ಮೂರು ವಾರ ನನ್ನ ಕೂಡ ನಕ್ಕಿದ್ದೂ ಇದಕ್ಕ ಏನ್ರಿ?”

“ಮೊದಲನೇ ವಾರ ಇದಕ್ಕ.”

“ಆಮ್ಯಾಲೆ?”

ಅವಳು ದೀಪ ಆರಿಸಿ ಬೋಲ್ಟ್ ಬಿಚ್ಚತೊಡಗಿದಳು. ಈ ಕಾರನ್ನು ಕುರುಡು ಮಾಡಿಯೇ ಹೋಗುವುದೆಂದು ಮೊದಲೇ ನಿಶ್ಚಯಿಸಿದ್ದಳು. ಅವನು ತಡೆಯಲಿಲ್ಲ. ಇನ್ನೊಂದು ಸ್ಪ್ಯಾನರ್ ತಗೊಂಡು ಎರಡನೆಯ ದೀಪವನ್ನು ತಾನೇ ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ ಅವಳ ಕೈಗೆ ಕೊಟ್ಟ.

“ನನಗ ಮೊದಲ ಹೇಳಿದ್ರೂ ಓದ್ತಿದ್ನಿರಿ,” ಎಂದಷ್ಟೇ ಅಂದ.

ಎಂಟು ದಿನ ಅವನ ಸುದ್ದಿಯಿಲ್ಲ. ಎಂಟು ದಿನವೂ ಅವಳು ಸಂದಿಯಲ್ಲಿ ಹಾರ್ನ್ ಕೇಳಿದಾಗಲೆಲ್ಲ ಎದ್ದು ನೋಡಿದಳು.

ಒಂಬತ್ತನೆಯ ದಿನ ಮಧ್ಯಾಹ್ನ ಅಂಗಡಿಯ ಮುಂದೆ ಆ ಕಾರೇ ಬಂದು ನಿಂತಿತು. ಹಂಪೇಶ ಇಳಿದ. ಅವನ ಹಿಂದೆ ಚಂದ್ರಣ್ಣ. ಇಬ್ಬರ ಮುಖದ ತುಂಬ ರಸ್ತೆಯ ಕೆಂಧೂಳು. ದಾಕ್ಷಾಯಣಿಯ ತಾಯಿ ಕೊಟ್ರಬಸಮ್ಮ ಹೊಸ್ತಿಲಿಗೆ ಬಂದು ನಿಂತಳು. ಒಳಗೆ ಬನ್ನಿ ಎನ್ನಲಿಲ್ಲ.

“ವಿರೂಪಾಕ್ಷಪ್ಪ ಕಳ್ಳ ಅಲ್ರಿ ತಾಯಿ. ಕಳ್ಳ ನಾನು,” ಎಂದ ಚಂದ್ರಣ್ಣ, ನೆಲ ನೋಡುತ್ತ.

“ನನಗ ಗೊತ್ತೈತಿ,” ಎಂದಳು ಕೊಟ್ರಬಸಮ್ಮ. “ಸಂದಿ ಕಡೆ ಮುಖ ಮಾಡಿ ಹೇಳ್ರಿ. ಜೋರಾಗಿ.”

ಅವನು ಹೇಳಿದ. ಅಕ್ಕಪಕ್ಕದ ಅಂಗಡಿಯವರೆಲ್ಲ ಹೊರಗೆ ಬಂದು ಕೇಳಿದರು. ಕೊಟ್ರಬಸಮ್ಮ ಇನ್ನೊಮ್ಮೆ ಹೇಳಿಸಿದಳು. ಆಮೇಲೆ ಚಂದ್ರಣ್ಣ ಒಬ್ಬನೇ ಬಸ್‌ಸ್ಟ್ಯಾಂಡಿನ ದಾರಿ ಹಿಡಿದ.

ಹಂಪೇಶ ಕಾರಿನ ಪಕ್ಕ ನಿಂತೇ ಇದ್ದ.

“ಕತ್ತಲಾಗೋದರಾಗ ಹೋಗ್ರಿ. ಗಾಡಿಗೆ ದೀಪ ಇಲ್ಲ,” ಎಂದಳು ದಾಕ್ಷಾಯಣಿ.

“ಹೋಗಬೇಕಂತ ಬಂದಿಲ್ರಿ. ಅವತ್ತು ಒಂದು ಮಾತು ಕೇಳಿದ್ನಲ್ಲ, ನೀವು ಹೇಳಲಿಲ್ಲ.”

ಅವಳು ಅವನನ್ನೇ ನೋಡಿದಳು. ರೆಪ್ಪೆಯ ಮೇಲೂ ಧೂಳು ಕೂತಿತ್ತು.

“ಆಮ್ಯಾಲೆ ನಕ್ಕಿದ್ದು ನಿಮಗಾಗಿ,” ಎಂದಳು. “ಆದ್ರ ನಿಮ್ಮ ದೊಡ್ಡಪ್ಪಾರನ್ನ ನಾ ಎಂದೂ ಕ್ಷಮಿಸೂದಿಲ್ಲ. ಮೊದಲ ಹೇಳತೀನಿ.”

“ಕ್ಷಮಿಸಬ್ಯಾಡ್ರಿ. ಆ ಸಿಟ್ಟು ತಗೊಂಡೇ ನಮ್ಮ ಮನಿಗೆ ಬರ್ರಿ.”

ಎಡಗೆನ್ನೆಯ ಗುಳಿ ಮೆಲ್ಲಗೆ ಮೂಡಿತು. ದಾಕ್ಷಾಯಣಿ ಒಳಗೆ ಹೋಗಿ ಎರಡೂ ದೀಪ ತಂದಳು. ಒಂದನ್ನು ಅವನ ಕೈಗೆ ಕೊಟ್ಟು, ಸ್ಪ್ಯಾನರ್ ಹಿಡಿದು ಕಾರಿನ ಮುಂದೆ ಕುಳಿತಳು.

“ಸರಿಯಾಗಿ ಹಿಡೀರಿ,” ಎಂದಳು. “ಈ ಸಲ ಬಿಚ್ಚೂದಿಲ್ಲ.”