ವಿಷಯ: ಒಪ್ಪಿಗೆ ಕೋರಿ

"ಇದನ್ನ ಬರೆದಿದ್ದು ನೀವೇನಾ?"

ವೆಂಕಟರತ್ನ ಹಾಳೆಯನ್ನು ಅವನ ಮೇಜಿನ ಮೇಲೆ ಎಸೆದಳು. ಮಂಡಿಕಲ್ ಶಾಲೆಯ ಮೇಷ್ಟ್ರು ರಾಮಾಂಜಿನಪ್ಪ ಎದ್ದು ನಿಂತ.

"ನಾನೇ ಮೇಡಂ."

ಅದು ೧೯೯೩. ಮಕ್ಕಳಿಗೆ ಬರವಣಿಗೆ ಕಲಿಸುವುದು ಹೇಗೆಂದು ಚಿಂತಾಮಣಿಯಲ್ಲಿ ಶಿಕ್ಷಕರಿಗೆ ಹತ್ತು ದಿನದ ತರಬೇತಿ. ತರಬೇತಿಯಂತೆ ತರಬೇತಿ! ಪಾಠ ಹೇಳಲು ಬಂದ ಚೆನ್ನರಾಯಪ್ಪನವರು ಹಳೇ ನೋಟ್ಸು ಓದುವುದು, ನಲವತ್ತು ಜನ ತಲೆ ಬಗ್ಗಿಸಿ ಅದನ್ನು ಇಳಿಸಿಕೊಳ್ಳುವುದು. ಪೀಠಿಕೆ, ವಿವರಣೆ, ಉಪಸಂಹಾರ. ಸ್ವಂತವಾಗಿ ಬರೆಯಿರಿ ಎಂದರೆ ಎಲ್ಲರದೂ ಒಂದೇ ಸಾಲು: 'ನಮ್ಮ ಊರು ಬಹಳ ಸುಂದರವಾಗಿದೆ.' ಇವರು ಮಕ್ಕಳಿಗೆ ಬರೆಯಲು ಕಲಿಸುತ್ತಾರಂತೆ!

ಮೇಲೂರು ಶಾಲೆಯ ವೆಂಕಟರತ್ನಳಿಗೆ ಅಲ್ಲಿದ್ದವರೆಲ್ಲರ ಮೇಲೂ ತಾತ್ಸಾರ. ರಾಮಾಂಜಿನಪ್ಪ ಒಬ್ಬನನ್ನು ಬಿಟ್ಟು. "ಸಾರ್, ಎಲ್ಲಾ ನಾವೇ ಹೇಳಿ ಬರೆಸಿದ್ರೆ ಮಕ್ಳು ಬರೆಯೋದು ಯಾವಾಗ?" ಎಂದು ಮೂರನೇ ದಿನ ಕೇಳಿ ಬೈಸಿಕೊಂಡಿದ್ದ. ಅಂದಿನಿಂದ ಅವಳ ಮನಸ್ಸಿನಲ್ಲಿ ಕೂತುಬಿಟ್ಟಿದ್ದ. ಇವತ್ತು ಕಡೆಯ ದಿನ. ಏನಾದರೂ ಹೇಳಿಯಾನೆಂದು ಬೆಳಗಿನಿಂದ ಕಾದಿದ್ದಳು.

ಪತ್ರ ಬರೆದು, ಹಾಳೆ ಅದಲು ಬದಲು ಮಾಡಿಕೊಂಡು ತಿದ್ದುವ ಅಭ್ಯಾಸವಿತ್ತು. ಅವನು ತನ್ನದನ್ನು ಅವಳಿಗೇ ಕೊಟ್ಟಿದ್ದ.

'ಇಂದ: ರಾಮಾಂಜಿನಪ್ಪ, ಸಹ ಶಿಕ್ಷಕ. ಇವರಿಗೆ: ಕುಮಾರಿ ವೆಂಕಟರತ್ನ. ವಿಷಯ: ತಮ್ಮನ್ನು ವಿವಾಹವಾಗಲು ಒಪ್ಪಿಗೆ ಕೋರಿ. ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸುವುದೇನೆಂದರೆ...'

'ನನ್ನನ್ನು ಆಡಿಕೊಳ್ಳುತ್ತಿದ್ದಾನೆ... ಇವನೂ ಅಂಥವನೇ!' ಅವಳ ಕಣ್ಣಲ್ಲಿ ನೀರಾಡಿತ್ತು. ಕೆಂಪು ಶಾಯಿಯಲ್ಲಿ ಉದ್ದಕ್ಕೂ ಗೀಟೆಳೆದು, ಸೀದಾ ಅವನ ಮುಂದೆ ಬಂದು ನಿಂತಿದ್ದಳು.

"ತಮಾಷೆನಾ? ಇಂಥ ವಿಷ್ಯನ ಯಾರಾದ್ರೂ ಆಫೀಸಿಗೆ ಬರೆದಂಗೆ ಬರೀತಾರಾ? ನಾಚ್ಕೆ ಆಗಲ್ವಾ ನಿಮ್ಗೆ?"

ಅವನು ಗೀಟೆಳೆದ ಹಾಳೆಯನ್ನು ಕೈಗೆತ್ತಿಕೊಂಡ.

"ನಂಗೆ ಬೇರೆ ತರ ಬರೆಯೋಕೆ ಬರಲ್ಲ ಮೇಡಂ. ನಮ್ಮನೇಲಿ ಓದಿದೋನು ನಾನೊಬ್ನೇ. ಕಾಗ್ದ ಬರೆಯೋ ನೆಂಟ್ರು ಯಾರೂ ಇರ್ಲಿಲ್ಲ. ಹಾಸ್ಟೆಲ್ ಸೀಟು, ಸ್ಕಾಲರ್‌ಶಿಪ್ಪು, ಈ ಕೆಲ್ಸ... ನಂಗೆ ಬೇಕಾಗಿದ್ದೆಲ್ಲ ಅರ್ಜಿ ಹಾಕೇ ಕೇಳಿದ್ದು."

ಹಾಳೆ ಮಡಚಿ ಚೀಲಕ್ಕೆ ತುರುಕಿಕೊಂಡು ಹೊರಟೇಬಿಟ್ಟ.

ವೆಂಕಟರತ್ನಳ ಮುಖ ಸಣ್ಣದಾಯಿತು. ಅಲ್ಲಿದ್ದವರನ್ನೆಲ್ಲ ಕೀಳಾಗಿ ಕಂಡವಳು, ತನ್ನ ಹೆಸರಿಗೇ ಬಂದ ಕಾಗದವನ್ನು ಓದಲಾರದೆ ಹೋದಳಲ್ಲ. ಇವಳಿಗಿಂತ ಚೆನ್ನರಾಯಪ್ಪನವರೇ ವಾಸಿ. ಅವರು ಯಾರದನ್ನೂ ಓದದೆ ಎಲ್ಲದಕ್ಕೂ 'ಉತ್ತಮ' ಎಂದು ಗೀಚುತ್ತಿದ್ದರು.

ಗೇಟಿನ ಹತ್ತಿರ ಓಡಿಹೋಗಿ ಅವನನ್ನು ತಡೆದಳು.

"ತಪ್ಪು ನಂದೇ... ಆ ಕಾಗ್ದ ಹಂಗಿರ್ಲಿ. ಬಾಯಲ್ಲಿ ಹೇಳಿ."

"ಏನಂತ?"

"ನಿಮ್ಗೆ ಏನ್ ಅನ್ಸುತ್ತೋ ಅದು."

ಅವನು ನೆಲ ನೋಡಿದ. "ನಾಳೆಯಿಂದ ನೀವು ಕಾಣಲ್ಲ... ಅದು ನನ್ ಕೈಲಿ ಆಗಲ್ಲ ಕಣ್ರಿ."

ಹತ್ತು ದಿನದಲ್ಲಿ ಆ ಕಟ್ಟಡದಲ್ಲಿ ಯಾರೂ ಇಷ್ಟು ನೆಟ್ಟಗೆ ಒಂದು ಮಾತು ಹೇಳಿರಲಿಲ್ಲ. ಅವಳ ಎದೆ ತುಂಬಿ ಬಂತು.

"ಭಾನುವಾರ ನಮ್ಮನೆಗೆ ಬನ್ನಿ. ನಮ್ಮಪ್ಪ ಜಾತಿ ಕೇಳ್ತಾರೆ, ರೇಗ್ತಾರೆ..."

"ಆಗ ನಾನೇನ್ ಮಾಡ್ಲಿ?"

"ಕೈ ಕಟ್ಕೊಂಡು ಮಾತ್ರ ನಿಂತ್ಕೋಬೇಡಿ," ಎಂದಳು ವೆಂಕಟರತ್ನ. "ಬಂದು ನನ್ ಪಕ್ಕ ಕೂತ್ಕೊಳ್ಳಿ."