ಯಶೋಧರಾಳ ಕಿವಿಗೆ ಬೇಕಾದ ಗೆರೆ

“ಸಾಲು,” ಎಂದು ಉಕ್ತಲೇಖನ ಹೇಳಿದರು ಲಲಿತಮ್ಮ ಮಿಸ್.

ಯಶೋಧರಾ ‘ಹಾಲು’ ಎಂದು ಬರೆದಳು. ‘ಸೊಪ್ಪು’ ಅವಳಿಗೆ ‘ಒಪ್ಪು’ ಎಂದು ಕೇಳಿಸಿತು.

ಪಕ್ಕದ ವೇದಾಂತ್ ಇಣುಕಿ ನೋಡಿ ಕಿಸಕ್ಕನೆ ನಕ್ಕ. “ಮಿಸ್, ಇವಳು ಹಾಲು ಕುಡೀತಾ ಇದ್ದಾಳೆ!”

“ಕಿವಿ ಮೆಷೀನ್ ಎಲ್ಲಮ್ಮಾ?” ಎಂದರು ಮಿಸ್.

ಅದು ಬ್ಯಾಗಿನೊಳಗಿತ್ತು. ಹಾಕಿಕೊಂಡರೆ ಫ್ಯಾನು, ಬೆಂಚು, ಹೊರಗೆ ಹೋಗುವ ಚಿಕ್ಕಮಗಳೂರು ಬಸ್ಸು, ಎಲ್ಲ ಒಟ್ಟಿಗೆ ತಲೆಯೊಳಕ್ಕೆ ನುಗ್ಗುತ್ತಿದ್ದವು. ‘ಸ’ ಮಾತ್ರ ಸಿಗುತ್ತಿರಲಿಲ್ಲ.

ಶನಿವಾರ ಲತಾಮಣಿ ಚಿಕ್ಕಮ್ಮ ಹಾಸನದಿಂದ ಬೇಲೂರಿಗೆ ಬಂದಳು. ಅವಳು ಅಲ್ಲಿ ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಓದುತ್ತಿದ್ದಳು. ಯಶೋಧರಾ ಅತ್ತೇ ಬಿಟ್ಟಳು. “ಇನ್ಮೇಲೆ ಸ್ಕೂಲಿಗೆ ಹೋಗಲ್ಲ!”

“ಅಳಬೇಡ ಕಣೇ. ನಿಂಗೆ ದಪ್ಪ ಸದ್ದು ಕೇಳುತ್ತೆ, ತೆಳು ಸದ್ದು ಕೇಳಲ್ಲ. ಈ ಮೆಷೀನು ಎರಡನ್ನೂ ಜೋರು ಮಾಡುತ್ತೆ. ನಾವು ದಪ್ಪದ್ದನ್ನ ಸ್ವಲ್ಪ ತಡೆದು, ತೆಳುವಾದ್ದನ್ನ ಬಿಡೋಣ.”

ಚಿಕ್ಕಮ್ಮ ಕಿವಿ ಡಾಕ್ಟರನ್ನು ಕೇಳಿಕೊಂಡು ಬಂದು, ಗ್ರಾಫ್ ಹಾಳೆಯಲ್ಲಿ ಮೇಲಕ್ಕೇರುವ ಕೆಂಪು ಗೆರೆ ಎಳೆದಳು. “ನಿನ್ನ ಕಿವಿಗೆ ಬೇಕಿರೋದು ಇದು. ಸದ್ದು ತೆಳುವಾದಷ್ಟೂ ಜಾಸ್ತಿ ಜೋರಾಗಬೇಕು.”

ಮುಂದಿನ ವಾರ ಚಿಕ್ಕಮ್ಮ ತಾನೇ ಮಾಡಿದ ಪುಟ್ಟ ಡಬ್ಬವೊಂದನ್ನು ತಂದು, ಮೆಷೀನಿಗೂ ಅದರ ಇಯರ್‌ಫೋನಿಗೂ ನಡುವೆ ಜೋಡಿಸಿದಳು. ಒಳಗೆ ದಪ್ಪ ಸದ್ದನ್ನು ತಡೆದು ತೆಳುವನ್ನು ಬಿಡಲು ಬೆಂಕಿಕಡ್ಡಿ ತುಂಡಿನಂಥ ರೆಸಿಸ್ಟರುಗಳು, ಮಾತ್ರೆಯಂಥ ಕಂಡೆನ್ಸರುಗಳು.

ಯಶೋಧರಾ ಹಾಕಿಕೊಂಡು ನೋಡಿದಳು. “ಅಯ್ಯೋ, ನಿನ್ನ ಮಾತು ಸೊಳ್ಳೆ ಥರ ಕೇಳುತ್ತೆ!”

ಚಿಕ್ಕಮ್ಮ ಬೇಸರಪಡಲಿಲ್ಲ. “ಜಾಸ್ತಿ ತಡೆದುಬಿಟ್ಟಿದ್ದೀನಿ.” ಹಾಸನಕ್ಕೆ ಹೋಗಿ ಕಾಲೇಜಿನ ಲ್ಯಾಬಿನಲ್ಲಿ ಡಬ್ಬ ಯಾವ ಸದ್ದನ್ನು ಎಷ್ಟು ಬಿಡುತ್ತದೆಂದು ಅಳೆದು, ಅದೇ ಹಾಳೆಯಲ್ಲಿ ನೀಲಿ ಗೆರೆ ಎಳೆದಳು. ಅದು ಕೆಂಪಿನಿಂದ ಎಲ್ಲೋ ದೂರವಿತ್ತು. ಒಂದು ಕಂಡೆನ್ಸರ್ ಕಿತ್ತು ಬೇರೆ ಹಾಕಿದಳು. ಮತ್ತೆ ಅಳೆದಳು. ನೀಲಿ ಹತ್ತಿರ ಬಂತು. ಮುಂದಿನ ಶನಿವಾರ ಡಬ್ಬವನ್ನೂ ಹಾಳೆಯನ್ನೂ ಬೇಲೂರಿಗೆ ತಂದು ತೋರಿಸಿದಳು.

“ಒಂದರ ಮೇಲೊಂದು ಕೂರಲ್ವಾ ಚಿಕ್ಕಮ್ಮ?”

“ಪೂರ್ತಿ ಕೂರಲ್ಲ. ಇನ್ನಷ್ಟು ಪಾರ್ಟ್ಸ್ ಹಾಕಿದ್ರೆ ಇನ್ನೂ ಹತ್ತಿರ ಬರುತ್ತೆ. ಆದ್ರೆ ಡಬ್ಬ ನಿನ್ನ ಜೇಬಲ್ಲಿ ಹಿಡಿಯಲ್ಲ. ಎಷ್ಟು ಹತ್ತಿರ ಸಾಕು ಅಂತ ನೀನೇ ಹೇಳ್ಬೇಕು.”

ಚಿಕ್ಕಮ್ಮ ಅವಳ ಬೆನ್ನ ಹಿಂದೆ ನಿಂತಳು. ತುಟಿ ಕಾಣುತ್ತಿರಲಿಲ್ಲ. “ಸೀಬೆ.”

“ಸೀಬೆ!”

“ಶಂಖ.”

“ಶಂಖ!”

“ಕಾಸು.”

“ಕಾ... ಕಾಯು?”

“ಇರು, ಇನ್ನೊಂಚೂರು ನೋಡ್ತೀನಿ.” ಹಾಸನದ ಬಸ್ಸಿಗೆ ಹೊತ್ತಾಗಿತ್ತು. ಆದರೂ ಚಿಕ್ಕಮ್ಮ ಒಂದು ರೆಸಿಸ್ಟರ್ ಬದಲಾಯಿಸಿ ಇಯರ್‌ಫೋನನ್ನು ಮತ್ತೆ ಕೊಟ್ಟಳು. ಆಮೇಲೆ ತಲೆ ಬಗ್ಗಿಸಿ ಗ್ರಾಫ್ ನೋಡತೊಡಗಿದಳು.

ಯಶೋಧರಾ ಇಯರ್‌ಫೋನ್ ಸಿಕ್ಕಿಸಿಕೊಂಡಳು. ಎಲ್ಲಿಂದಲೋ ಎಳೆಯಷ್ಟು ತೆಳ್ಳಗಿನ ರಾಗವೊಂದು ಬರುತ್ತಿತ್ತು. ಆ ಕಡೆ ಈ ಕಡೆ ನೋಡಿದಳು.

ಕೆಲಸ ಮಾಡುತ್ತ ಚಿಕ್ಕಮ್ಮ ಹಲ್ಲಿನ ಸಂದಿಯಲ್ಲಿ ಮೆಲ್ಲಗೆ ಸಿಳ್ಳೆ ಹಾಕುತ್ತಿದ್ದಳು. ಯಾವಾಗಲೂ ಹಾಕುತ್ತಿದ್ದಳೇನೋ!

ಯಶೋಧರಾ ಉಸಿರು ಬಿಗಿಹಿಡಿದು ಕೂತಳು. ಮಾತಾಡಿದರೆ ರಾಗ ನಿಂತುಹೋದೀತು.

ರಾಗ ಮುಗಿದ ಮೇಲೆ ಮೆಲ್ಲಗೆ ಹೇಳಿದಳು: “ಸಾಕು ಚಿಕ್ಕಮ್ಮ. ಇಷ್ಟು ಹತ್ತಿರ ಸಾಕು.”